ನಾಡಿಯ ಮಾತು ಆಲಿಸಿದ ಹಕೀಮ ಇಬ್ನು ಸೀನಾ



ಫಜ್ರ್ ನಮಾಝ್ ಮುಗಿಸಿ ಓಟಕ್ಕೆ ಹೊರಡುವ ಅಭ್ಯಾಸ ನಿಮಗಿದ್ದರೆ, ಒಮ್ಮೆ ನಿಮ್ಮ ಮಣಿಕಟ್ಟನ್ನು ನೋಡಿಕೊಳ್ಳಿ. ಅಲ್ಲಿ ಸ್ಮಾರ್ಟ್ ವಾಚ್ ಇದ್ದರೆ ಅದರ ಅಡಿಯಲ್ಲಿ ಪುಟ್ಟ ಹಸಿರು ಬೆಳಕೊಂದು ಮಿನುಗುತ್ತಿರುತ್ತದೆ. ನಿಮ್ಮ ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತಿದೆ ಎಂಬುದನ್ನು ಅದು ಎಣಿಸಿ ಹೇಳುತ್ತದೆ. ವಾಚ್ ಇಲ್ಲದಿದ್ದರೂ ಚಿಂತೆಯಿಲ್ಲ. ಹೆಬ್ಬೆರಳಿನ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ, ಇನ್ನೊಂದು ಕೈಯ ಎರಡು ಬೆರಳುಗಳನ್ನು ಮೆಲ್ಲಗೆ ಇಡಿ. ಅದೇ ಸಂಗತಿ ಅಲ್ಲಿಯೂ ತಿಳಿಯುತ್ತದೆ. ಸಾವಿರ ವರ್ಷಗಳ ಹಿಂದೆ ಒಬ್ಬ ಮಹಾನ್ ವೈದ್ಯರು ಬೆರಳಿಟ್ಟು ಆಲಿಸಿದ್ದೂ ಅದೇ ಜಾಗದಲ್ಲಿ.

ನಮ್ಮ ಪಶ್ಚಿಮ ಬೆಂಗಳೂರಿನಲ್ಲಿ ಎರಡು ಸಂಸ್ಥೆಗಳಿವೆ. ಮಾಗಡಿ ರಸ್ತೆಯ ಕೊಟ್ಟಿಗೆಪಾಳ್ಯದಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆ ಇದೆ. ಅಲ್ಲಿ ಸ್ನಾತಕೋತ್ತರ ವಿದ್ಯಾರ್ಥಿಗಳು ನಬ್ಝ್, ಅಂದರೆ ನಾಡಿ ಪರೀಕ್ಷೆಯ ಶಾಸ್ತ್ರವನ್ನು ಕಲಿಯುತ್ತಾರೆ. ಇನ್ನೊಂದು, ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಸಾಗುವಾಗ ಜ್ಞಾನಭಾರತಿಯ ಬಳಿ ಇರುವ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರ. ರಾಷ್ಟ್ರೀಯ ಹಾಕಿ ತಂಡಗಳ ಶಿಬಿರಗಳು ನಡೆಯುವುದು ಅಲ್ಲಿಯೇ. ಇಂದಿನ ಹಾಕಿ ಆಟಗಾರರು ಓಡಿದ ದೂರ, ವೇಗ ಮತ್ತು ಹೃದಯಬಡಿತವನ್ನು ಅಳೆಯುವ ಉಪಕರಣಗಳನ್ನು ಮೈಗೆ ಧರಿಸಿ ಅಭ್ಯಾಸ ಮಾಡುತ್ತಾರೆ. ಯಾರು ಇನ್ನೂ ಓಡಬೇಕು, ಯಾರು ಇಂದು ವಿಶ್ರಮಿಸಬೇಕು ಎಂದು ನಿರ್ಧರಿಸಲು ತರಬೇತುದಾರರಿಗೆ ಆ ಅಂಕಿಗಳು ನೆರವಾಗುತ್ತವೆ.

ಒಂದು ಹಳೆಯ ವೈದ್ಯದ ಮನೆ, ಇನ್ನೊಂದು ಹೊಸ ಕ್ರೀಡಾವಿಜ್ಞಾನದ ಅಂಗಳ. ಇವೆರಡಕ್ಕೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧವಿದೆ. ನಾಡಿ ಮತ್ತು ವ್ಯಾಯಾಮ ಎರಡಕ್ಕೂ ಒಂದೇ ಗ್ರಂಥದಲ್ಲಿ ಸ್ಥಾನ ಕೊಟ್ಟು, ದುಡಿಯುವ ದೇಹದಲ್ಲಿ ನಾಡಿ ಹೇಗೆ ಬದಲಾಗುತ್ತದೆ ಎಂಬುದನ್ನು ಹಂತ ಹಂತವಾಗಿ ಬರೆದಿಟ್ಟವರು ಇಬ್ನು ಸೀನಾ. ಯುರೋಪಿನವರು ಅವರನ್ನು ಅವಿಸೆನ್ನಾ ಎಂದು ಕರೆದರು. ಅವರ ಬದುಕಿನ ಕಥೆಯನ್ನು ಓದಿ. ಅದರಲ್ಲಿ ಅನುಸರಿಸಬೇಕಾದ ಪಾಠವೂ ಇದೆ, ಎಚ್ಚರಿಕೆಯ ಪಾಠವೂ ಇದೆ.

ಬುಖಾರಾದ ಬಾಲಕ

ಅಬೂ ಅಲಿ ಹುಸೈನ್ ಇಬ್ನು ಅಬ್ದುಲ್ಲಾ ಇಬ್ನು ಸೀನಾ ಜನಿಸಿದ್ದು ಕ್ರಿ.ಶ. 980ರಲ್ಲಿ, ಹಿಜರಿ 370ರಲ್ಲಿ. ಊರು ಅಫ್ಶನಾ, ಇಂದಿನ ಉಜ್ಬೆಕಿಸ್ತಾನದ ಬುಖಾರಾ ನಗರದ ಸಮೀಪದ ಒಂದು ಹಳ್ಳಿ. ತಂದೆ ಅಬ್ದುಲ್ಲಾ ಬಲ್ಖ್‌ನಿಂದ ಬಂದವರು, ಸಾಮಾನಿ ರಾಜಮನೆತನದ ಆಡಳಿತದಲ್ಲಿ ಅಧಿಕಾರಿ. ತಾಯಿಯ ಹೆಸರು ಸಿತಾರಾ. ಮಗ ಚಿಕ್ಕವನಿದ್ದಾಗಲೇ ಕುಟುಂಬ ಬುಖಾರಾಕ್ಕೆ ಬಂದು ನೆಲೆಸಿತು. ಮಗನ ವಿದ್ಯಾಭ್ಯಾಸದಲ್ಲಿ ತಂದೆಗೆ ಎಲ್ಲಿಲ್ಲದ ಆಸಕ್ತಿ.

ಹತ್ತು ವರ್ಷ ತುಂಬುವುದರೊಳಗೆ ಬಾಲಕ ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದ್ದ. ಅರಬಿ ಸಾಹಿತ್ಯವನ್ನೂ ಸಾಕಷ್ಟು ಓದಿದ್ದ. ಆಮೇಲೆ ತಂದೆ ಅವನನ್ನು ಲೆಕ್ಕ ಕಲಿಯಲು ಕಳುಹಿಸಿದ್ದು ಯಾರ ಬಳಿಗೆ ಗೊತ್ತೇ? ಒಬ್ಬ ತರಕಾರಿ ವ್ಯಾಪಾರಿಯ ಬಳಿಗೆ. ಆ ವ್ಯಾಪಾರಿಗೆ ಭಾರತೀಯ ಅಂಕಿಗಳ ಗಣಿತ ಚೆನ್ನಾಗಿ ತಿಳಿದಿತ್ತು. ಜ್ಞಾನ ಎಲ್ಲಿದೆಯೋ ಅಲ್ಲಿಗೆ ಹೋಗಿ ಕೈಕಟ್ಟಿ ಕೂರಬೇಕು, ಕಲಿಸುವವನ ಅಂಗಡಿ ಚಿಕ್ಕದೋ ದೊಡ್ಡದೋ ಎಂದು ನೋಡಬಾರದು ಎಂಬ ಪಾಠ ಆ ಮನೆಯಲ್ಲಿತ್ತು. ನಮ್ಮ ನಾಡಿನಿಂದ ಹೊರಟ ಅಂಕಿಗಳು ಬುಖಾರಾದ ತರಕಾರಿ ಅಂಗಡಿಯಲ್ಲಿ ಆ ಮಹಾವೈದ್ಯರಿಗೆ ಎಣಿಕೆ ಕಲಿಸಿದವು ಎಂಬುದು ನಮಗೂ ಹೆಮ್ಮೆಯ ಸಂಗತಿ.

ಮುಂದೆ ಇಸ್ಮಾಈಲ್ ಅಝ್ಝಾಹಿದ್ ಎಂಬ ವಿದ್ವಾಂಸರಿಂದ ಕರ್ಮಶಾಸ್ತ್ರ ಕಲಿತರು. ನಾತಿಲಿ ಎಂಬ ಗುರುಗಳಿಂದ ತರ್ಕಶಾಸ್ತ್ರ ಮತ್ತು ರೇಖಾಗಣಿತದ ಆರಂಭಿಕ ಪಾಠಗಳಾದವು. ಸ್ವಲ್ಪ ದಿನಗಳಲ್ಲಿ ಶಿಷ್ಯನೇ ಗುರುವಿಗೆ ವಿವರಿಸುವ ಸ್ಥಿತಿ ಬಂತು. ವೈದ್ಯಶಾಸ್ತ್ರವನ್ನು ಹೆಚ್ಚಾಗಿ ಸ್ವಂತ ಓದಿನಿಂದ ಮತ್ತು ರೋಗಿಗಳನ್ನು ನೋಡುವ ಅನುಭವದಿಂದ ಕಲಿತರು. ಅವರಿಗೆ ಹದಿನಾರು ವಯಸ್ಸಾಗುವಾಗ ಹಿರಿಯ ವೈದ್ಯರೇ ಅವರೊಂದಿಗೆ ಕುಳಿತು ಓದುತ್ತಿದ್ದರು.

ಎಲ್ಲವೂ ಅವರಿಗೆ ಸುಲಭವಾಗಿ ಒಲಿಯಿತು ಎಂದು ಭಾವಿಸಬೇಡಿ. ಅರಿಸ್ಟಾಟಲನ ತತ್ವಶಾಸ್ತ್ರದ ಗ್ರಂಥವೊಂದನ್ನು ನಲವತ್ತು ಸಲ ಓದಿದರೂ ಅವರಿಗೆ ಅರ್ಥವಾಗಲಿಲ್ಲ. ಸಾಲುಗಳು ಬಾಯಿಪಾಠವಾದವು, ತಾತ್ಪರ್ಯ ಮಾತ್ರ ಸಿಗಲಿಲ್ಲ. ಒಂದು ದಿನ ಪುಸ್ತಕ ಮಾರುಕಟ್ಟೆಯಲ್ಲಿ ದಲ್ಲಾಳಿಯೊಬ್ಬ ಮೂರು ದಿರ್ಹಮಿಗೆ ಒಂದು ಪುಸ್ತಕ ಕೊಳ್ಳುವಂತೆ ಒತ್ತಾಯಿಸಿದ. ಅದು ಅದೇ ಗ್ರಂಥದ ಕುರಿತು ಅಲ್ ಫಾರಾಬಿಯವರು ಬರೆದ ಕೃತಿಯಾಗಿತ್ತು. ಮನೆಗೆ ಬಂದು ಓದಿದಾಗ ಕಟ್ಟಿಕೊಂಡಿದ್ದ ಬಾಗಿಲೆಲ್ಲ ತೆರೆದವು. ಮರುದಿನ ಅವರು ಕೃತಜ್ಞತೆಯಿಂದ ಬಡವರಿಗೆ ದಾನ ಮಾಡಿದರು. ಬಿಡಿಸಲಾಗದ ಸಮಸ್ಯೆ ಎದುರಾದಾಗಲೆಲ್ಲ ಮಸೀದಿಗೆ ಹೋಗಿ ನಮಾಝ್ ನಿರ್ವಹಿಸಿ, ದಾರಿ ತೋರುವಂತೆ ಅಲ್ಲಾಹನಲ್ಲಿ ಬೇಡುವುದು ಅವರ ರೂಢಿಯಾಗಿತ್ತು. ಪರೀಕ್ಷೆಯಲ್ಲಿ ಒಮ್ಮೆ ಎಡವಿ ಕೈಚೆಲ್ಲುವ ವಿದ್ಯಾರ್ಥಿಗಳು ಈ ನಲವತ್ತು ಓದನ್ನು ನೆನಪಿಟ್ಟುಕೊಳ್ಳಬೇಕು.

ಅರಮನೆಯಿಂದ ಅಲೆದಾಟಕ್ಕೆ

ಬುಖಾರಾದ ಅಮೀರ ನೂಹ್ ಇಬ್ನು ಮನ್ಸೂರ್ ಕಾಯಿಲೆ ಬಿದ್ದಾಗ ಆಸ್ಥಾನ ವೈದ್ಯರು ಈ ತರುಣನನ್ನೂ ಕರೆಸಿದರು. ಚಿಕಿತ್ಸೆಯಲ್ಲಿ ಪಾಲ್ಗೊಂಡ ತರುಣ ಕೇಳಿಕೊಂಡದ್ದು ಅರಮನೆಯ ಗ್ರಂಥಾಲಯದಲ್ಲಿ ಓದಲು ಅನುಮತಿಯನ್ನು. ಆ ಗ್ರಂಥಾಲಯದಲ್ಲಿ ಒಂದೊಂದು ವಿಷಯಕ್ಕೆ ಒಂದೊಂದು ಕೋಣೆ, ಪೆಟ್ಟಿಗೆಗಳ ತುಂಬ ಪುಸ್ತಕಗಳು. ಹೆಸರನ್ನೂ ಕೇಳದಿದ್ದ ಎಷ್ಟೋ ಕೃತಿಗಳನ್ನು ಅವರು ಅಲ್ಲಿ ಓದಿದರು. ಹದಿನೆಂಟು ವಯಸ್ಸಿಗೆ ಆ ಕಾಲದ ಎಲ್ಲ ಶಾಸ್ತ್ರಗಳ ಓದು ಮುಗಿದಿತ್ತು.

ಆದರೆ ಸುಖದ ದಿನಗಳು ಹೆಚ್ಚು ಕಾಲ ಉಳಿಯಲಿಲ್ಲ. 999ರಲ್ಲಿ ಸಾಮಾನಿಗಳ ಆಳ್ವಿಕೆ ಕುಸಿಯಿತು. ತಂದೆ ತೀರಿಕೊಂಡರು. ಬದುಕು ಅವರನ್ನು ಬುಖಾರಾ ಬಿಡುವಂತೆ ಮಾಡಿತು. ಖ್ವಾರಝ್ಮಿನ ಗುರ್ಗಾಂಜ್, ಅಲ್ಲಿಂದ ಹಲವು ಊರುಗಳನ್ನು ದಾಟಿ ಕ್ಯಾಸ್ಪಿಯನ್ ಸಮುದ್ರದ ಬಳಿಯ ಜುರ್ಜಾನ್. ವಿದ್ಯೆಯನ್ನು ಗೌರವಿಸುತ್ತಿದ್ದ ಅಲ್ಲಿನ ದೊರೆ ಕಾಬೂಸನನ್ನು ಕಾಣಬೇಕೆಂದು ಹೋದರೆ, ಅಷ್ಟರಲ್ಲಿ ಆತ ಪದಚ್ಯುತನಾಗಿ ಸತ್ತಿದ್ದ. ಆದರೂ ಆ ಪ್ರಯಾಣ ವ್ಯರ್ಥವಾಗಲಿಲ್ಲ. ಅಬೂ ಉಬೈದ್ ಅಲ್ ಜೂಝ್ಜಾನಿ ಎಂಬ ಶಿಷ್ಯ ದೊರೆತದ್ದು ಜುರ್ಜಾನಿನಲ್ಲಿಯೇ. ಆತ ಕೊನೆಯವರೆಗೂ ಗುರುವನ್ನು ಬಿಡಲಿಲ್ಲ. ಇಂದು ನಮಗೆ ಇಬ್ನು ಸೀನಾರ ಬದುಕು ಇಷ್ಟು ವಿವರವಾಗಿ ತಿಳಿದಿದ್ದರೆ ಅದು ಆ ಶಿಷ್ಯನ ಉಪಕಾರ. ವೈದ್ಯಲೋಕದ ಮಹಾಗ್ರಂಥವಾದ ಅಲ್ ಕಾನೂನು ಫಿತ್ತಿಬ್ಬ್ ಶುರುವಾದದ್ದೂ ಆ ಊರಿನಲ್ಲಿ.

ಮುಂದೆ ರಯ್ಯ್, ಆನಂತರ ಹಮದಾನ್. ಹಮದಾನಿನ ಅಮೀರ ಶಮ್ಸುದ್ದೌಲನ ಉದರಶೂಲೆಯನ್ನು ಗುಣಪಡಿಸಿದ್ದಕ್ಕೆ ವಝೀರ್ ಪದವಿ ಬಂತು. ಸೈನಿಕರು ದಂಗೆಯೆದ್ದು ಅವರ ಮನೆಯನ್ನು ಕೊಳ್ಳೆ ಹೊಡೆದರು. ನಲವತ್ತು ದಿನ ಮಿತ್ರರೊಬ್ಬರ ಮನೆಯಲ್ಲಿ ಅಡಗಿದ್ದರು. ಅಮೀರನಿಗೆ ಮತ್ತೆ ಹೊಟ್ಟೆನೋವು ಬಂದಾಗ ಕ್ಷಮೆ ಕೇಳಿ ಕರೆಸಿಕೊಂಡ, ವಝೀರ್ ಪದವಿ ಮರಳಿ ಬಂತು. ಹಗಲಿಡೀ ರಾಜಕಾರ್ಯ, ರಾತ್ರಿ ಶಿಷ್ಯರಿಗೆ ಪಾಠ ಮತ್ತು ಗ್ರಂಥರಚನೆ. ಶಮ್ಸುದ್ದೌಲನ ಮರಣದ ನಂತರ ಮತ್ತೆ ಅಜ್ಞಾತವಾಸ. ಔಷಧ ವ್ಯಾಪಾರಿಯೊಬ್ಬನ ಮನೆಯಲ್ಲಿ ಅವಿತುಕೊಂಡು, ಕೈಯಲ್ಲಿ ಆಕರ ಗ್ರಂಥಗಳಿಲ್ಲದೆ, ದಿನಕ್ಕೆ ಐವತ್ತು ಪುಟದಂತೆ ಬರೆದರು. ಆಮೇಲೆ ನಾಲ್ಕು ತಿಂಗಳು ಕೋಟೆಯೊಂದರಲ್ಲಿ ಸೆರೆ. ಕೊನೆಗೆ ಸೂಫಿಗಳ ವೇಷದಲ್ಲಿ ಹಮದಾನಿನಿಂದ ಪಾರಾಗಿ ಇಸ್ಫಹಾನ್ ಸೇರಿದರು. ಅಲ್ಲಿ ಅಲಾಉದ್ದೌಲನ ಆಶ್ರಯದಲ್ಲಿ ಉಳಿದ ವರ್ಷಗಳು ಕಳೆದವು.

ಹತ್ತು ಲಕ್ಷಣಗಳ ನಾಡಿ

ಕಾನೂನ್ ಗ್ರಂಥ ಐದು ಭಾಗಗಳದ್ದು. ಸುಮಾರು 1025ರ ವೇಳೆಗೆ ಪೂರ್ಣಗೊಂಡಿತು. 12ನೇ ಶತಮಾನದಲ್ಲಿ ಸ್ಪೇನಿನ ತುಲೈತುಲಾದಲ್ಲಿ, ಅಂದರೆ ಇಂದಿನ ಟೊಲೆಡೊದಲ್ಲಿ, ಕ್ರೆಮೊನಾದ ಜೆರಾರ್ಡ್ ಅದನ್ನು ಲ್ಯಾಟಿನಿಗೆ ಅನುವಾದಿಸಿದ. 1593ರಲ್ಲಿ ರೋಮಿನಲ್ಲಿ ಅದರ ಅರಬಿ ಮೂಲವೇ ಅಚ್ಚಾಯಿತು. ಯುರೋಪಿನ ವಿಶ್ವವಿದ್ಯಾನಿಲಯಗಳಲ್ಲಿ 17ನೇ ಶತಮಾನದವರೆಗೂ ಅದು ಪಠ್ಯವಾಗಿತ್ತು.

ಅದರ ಮೊದಲ ಭಾಗದಲ್ಲಿ ನಾಡಿಯ ಕುರಿತು ದೀರ್ಘ ವಿವರಣೆ ಇದೆ. ಪರೀಕ್ಷೆಗೆ ಮಣಿಕಟ್ಟನ್ನೇ ಏಕೆ ಆರಿಸಬೇಕು ಎಂಬುದಕ್ಕೆ ಇಬ್ನು ಸೀನಾ ಕಾರಣ ಕೊಡುತ್ತಾರೆ. ಅದು ಸುಲಭವಾಗಿ ಕೈಗೆ ಸಿಗುತ್ತದೆ, ತೋರಿಸಲು ಯಾರಿಗೂ ಸಂಕೋಚವಿಲ್ಲ, ಹೃದಯದೊಂದಿಗೆ ಅದಕ್ಕೆ ನೇರ ಸಂಬಂಧವಿದೆ. ಇಂದಿನ ವಾಚ್ ತಯಾರಕರೂ ಮಣಿಕಟ್ಟನ್ನು ಆರಿಸಿಕೊಂಡದ್ದು ಹೆಚ್ಚು ಕಡಿಮೆ ಇಂತಹ ಅನುಕೂಲಕ್ಕಾಗಿಯೇ.

ನಾಡಿಯಲ್ಲಿ ಗಮನಿಸಬೇಕಾದ ಹತ್ತು ಸಂಗತಿಗಳನ್ನು ಅವರು ಪಟ್ಟಿ ಮಾಡಿದ್ದಾರೆ. ಅದು ಎಷ್ಟು ಉಬ್ಬುತ್ತದೆ, ಬೆರಳಿಗೆ ಎಷ್ಟು ಬಲವಾಗಿ ತಟ್ಟುತ್ತದೆ, ಚಲನೆ ಎಷ್ಟು ಚುರುಕು, ಎರಡು ಬಡಿತಗಳ ನಡುವೆ ಎಷ್ಟು ವಿರಾಮ, ನಾಳ ಗಟ್ಟಿಯೋ ಮೆತ್ತಗೋ, ತುಂಬಿದೆಯೋ ಖಾಲಿಯೋ, ಬಿಸಿಯೋ ತಂಪೋ, ಬಡಿತಗಳು ಒಂದೇ ಸಮನೋ ಇಲ್ಲವೋ, ಏರುಪೇರಿನಲ್ಲೂ ಒಂದು ಕ್ರಮವಿದೆಯೋ, ಅದರ ತಾಳ ಹೇಗಿದೆ. ತಾಳವನ್ನು ವಿವರಿಸುವಾಗ ಅವರು ಸಂಗೀತಶಾಸ್ತ್ರದ ಕಡೆಗೆ ಕೈ ತೋರುತ್ತಾರೆ. ಜಿಂಕೆಯಂತೆ ಜಿಗಿಯುವ ನಾಡಿ, ಅಲೆಯಂತಹ ನಾಡಿ, ಇರುವೆಯಂತೆ ಹರಿಯುವ ನಾಡಿ, ಗರಗಸದಂತಹ ನಾಡಿ, ಇಲಿಯ ಬಾಲದಂತೆ ಕಿರಿದಾಗುವ ನಾಡಿ, ಹೀಗೆ ಹೆಸರುಗಳು.

ಇನ್ನೂ ಒಂದು ಮುಖ್ಯ ನಿಯಮ ಅವರದು. ನಾಡಿ ನೋಡುವಾಗ ವ್ಯಕ್ತಿ ಸಿಟ್ಟಿನಲ್ಲಿರಬಾರದು, ದಣಿದಿರಬಾರದು, ಹೊಟ್ಟೆ ಬಿರಿಯುವಂತೆ ಉಂಡಿರಬಾರದು, ತೀರಾ ಹಸಿದಿರಲೂ ಬಾರದು. ವಯಸ್ಸು, ಋತು, ಊರಿನ ಹವೆ, ನಿದ್ರೆ, ಸ್ನಾನ, ನೋವು, ಭಯ ಇವುಗಳೆಲ್ಲ ನಾಡಿಯನ್ನು ಬದಲಿಸುತ್ತವೆ ಎಂದು ಅಧ್ಯಾಯ ಅಧ್ಯಾಯವಾಗಿ ವಿವರಿಸಿದ್ದಾರೆ. ಇಂದಿನ ಕ್ರೀಡಾ ವೈದ್ಯರು ಬೆಳಿಗ್ಗೆ ಹಾಸಿಗೆಯಿಂದ ಏಳುವ ಮೊದಲು ವಿಶ್ರಾಂತಿಯ ಬಡಿತವನ್ನು ಅಳೆಯಿರಿ ಎನ್ನುವುದರ ಹಿಂದೆಯೂ ಇದೇ ವಿವೇಕವಿದೆ.

ಎಲ್ಲಿ ನಿಲ್ಲಿಸಬೇಕು?

ವ್ಯಾಯಾಮಕ್ಕೆ ಅರಬಿಯಲ್ಲಿ ರಿಯಾಝತ್ ಎನ್ನುತ್ತಾರೆ. ಹಿಂದೂಸ್ತಾನಿ ಗಾಯಕರು ಬೆಳಿಗ್ಗೆ ಮಾಡುವ ರಿಯಾಝ್ ಕೂಡ ಅದೇ ಪದ. ಆರೋಗ್ಯ ಕಾಪಾಡುವ ಉಪಾಯಗಳಲ್ಲಿ ಇಬ್ನು ಸೀನಾ ರಿಯಾಝತ್‌ಗೆ ಹಿರಿಯ ಸ್ಥಾನ ಕೊಟ್ಟಿದ್ದಾರೆ. ಕುಸ್ತಿ, ಮುಷ್ಟಿಯುದ್ಧ, ವೇಗದ ಓಟ, ಬಿರುಸಿನ ನಡಿಗೆ, ಬಿಲ್ವಿದ್ಯೆ, ಒಂಟಿಕಾಲಿನ ಜಿಗಿತ, ಕುದುರೆ ಸವಾರಿ, ಚೆಂಡಾಟ, ಉಯ್ಯಾಲೆ, ದೋಣಿ ಪ್ರಯಾಣ ಎಲ್ಲವೂ ಅವರ ಪಟ್ಟಿಯಲ್ಲಿವೆ. ಬಲಶಾಲಿಗೆ ಯಾವುದು, ದುರ್ಬಲನಿಗೆ ಯಾವುದು, ಶುರುವಿಗೆ ಮುನ್ನ ಮೈ ಹೇಗೆ ತಿಕ್ಕಬೇಕು, ಮುಗಿದ ಮೇಲೆ ಹೇಗೆ ತಿಕ್ಕಬೇಕು ಎಂಬ ವಿವರಗಳೂ ಇವೆ.

ವ್ಯಾಯಾಮವನ್ನು ಎಲ್ಲಿ ನಿಲ್ಲಿಸಬೇಕು ಎಂಬುದಕ್ಕೆ ಅವರು ಮೂರು ಗುರುತು ಹೇಳಿದರು. ಮೈಬಣ್ಣ ಕಳೆಗಟ್ಟುತ್ತಾ ಹೋಗುವವರೆಗೆ, ಚಲನೆ ಹಗುರವಾಗಿರುವವರೆಗೆ, ಅಂಗಾಂಗಗಳು ತುಂಬಿಕೊಳ್ಳುತ್ತಿರುವವರೆಗೆ ಮುಂದುವರಿಸಬಹುದು. ಇವು ಇಳಿಮುಖವಾಗಿ ಬೆವರು ಹರಿಯತೊಡಗಿದರೆ ನಿಲ್ಲಿಸಬೇಕು. ನಾಡಿಯ ಅಧ್ಯಾಯದಲ್ಲಿ ಇದಕ್ಕೆ ಜೋಡಿ ವಿವರಣೆಯಿದೆ. ಮಿತವಾದ ವ್ಯಾಯಾಮದ ಆರಂಭದಲ್ಲಿ ನಾಡಿ ದೊಡ್ಡದಾಗಿ, ಬಲವಾಗಿ, ಚುರುಕಾಗಿ ಬಡಿಯುತ್ತದೆ. ಮಿತಿ ಮೀರಿದರೆ ಬಡಿತಗಳು ಒತ್ತೊತ್ತಾಗಿಯೇ ಇರುತ್ತವೆ, ಆದರೆ ಬಲ ಹೋಗಿ ಚಿಕ್ಕದಾಗುತ್ತದೆ. ಕೊನೆಗೆ ಇರುವೆ ಹರಿದಂತಾಗುತ್ತದೆ. ವ್ಯಾಯಾಮದ ನಂತರದ ದಣಿವಿನಲ್ಲಿಯೂ ಹಲವು ಬಗೆಗಳನ್ನು ಅವರು ಗುರುತಿಸಿದರು. ಹುಣ್ಣಿನಂತೆ ನೋಯುವುದು, ಎಳೆದಂತೆ ಬಿಗಿಯುವುದು, ಬಾವು ಬಂದಂತಾಗುವುದು. ಇಂದಿನ ತರಬೇತುದಾರರು ಅತಿಯಾದ ಅಭ್ಯಾಸದ ಅಪಾಯ ಎಂದು ಎಚ್ಚರಿಸುವುದು ಇಂತಹ ಸ್ಥಿತಿಗಳ ಬಗೆಗೇ.

ಅಂಕಿ ಇದೆ, ಕಾರಣ ಎಲ್ಲಿ?

ಇಬ್ನು ಸೀನಾರ ನಾಡಿ ಪರೀಕ್ಷೆಯ ಒಂದು ಪ್ರಸಿದ್ಧ ಕಥೆಯನ್ನು ನಿಝಾಮಿ ಅರೂಝಿ ಎಂಬ ಪಾರಸಿ ಲೇಖಕರು 12ನೇ ಶತಮಾನದಲ್ಲಿ ಬರೆದಿದ್ದಾರೆ. ದೊರೆಯ ಬಂಧುವಾದ ಯುವಕನೊಬ್ಬ ಕಾರಣ ತಿಳಿಯದ ಕಾಯಿಲೆಯಿಂದ ಕೃಶನಾಗುತ್ತಿದ್ದ. ಇಬ್ನು ಸೀನಾ ಅವನ ನಾಡಿಯ ಮೇಲೆ ಬೆರಳಿಟ್ಟು, ಊರಿನ ಓಣಿಗಳ ಹೆಸರನ್ನು ಒಂದೊಂದಾಗಿ ಹೇಳಿಸಿದರು. ಒಂದು ಓಣಿಯ ಹೆಸರು ಬಂದಾಗ ನಾಡಿ ತತ್ತರಿಸಿತು. ಆಮೇಲೆ ಆ ಓಣಿಯ ಮನೆಗಳು, ಆಮೇಲೆ ಮನೆಯವರ ಹೆಸರುಗಳು. ಯುವಕನ ಮನಸ್ಸಿನಲ್ಲಿದ್ದವಳು ಯಾರೆಂದು ತಿಳಿಯಿತು. ನಿಕಾಹ್ ಆಯಿತು, ಕಾಯಿಲೆ ಹೋಯಿತು. ಕಥೆಯಲ್ಲಿ ಬಣ್ಣ ಸೇರಿರಬಹುದು. ಆದರೆ ಈ ವಿಧಾನವನ್ನು ತಾವು ಪ್ರಯೋಗಿಸಿ ನೋಡಿದ್ದಾಗಿ ಇಬ್ನು ಸೀನಾ ಸ್ವತಃ ಕಾನೂನ್ ಗ್ರಂಥದಲ್ಲಿ ದಾಖಲಿಸಿದ್ದಾರೆ.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ಆ ಯುವಕನ ಕೈಯಲ್ಲಿ ಇಂದಿನ ವಾಚ್ ಇದ್ದಿದ್ದರೆ ಅದೂ ಬಡಿತ ಏರಿದ್ದನ್ನು ತೋರಿಸುತ್ತಿತ್ತು. ಆದರೆ ಏಕೆ ಏರಿತು ಎಂದು ಹೇಳುತ್ತಿರಲಿಲ್ಲ. ಅದನ್ನು ತಿಳಿಯಲು ಪ್ರಶ್ನೆ ಕೇಳುವ ಮನುಷ್ಯ ಬೇಕಾಯಿತು. ಓಟದಲ್ಲೂ ಹೀಗೆಯೇ. ನಿನ್ನೆ 140ರಲ್ಲಿದ್ದ ಬಡಿತ ಇಂದು ಅದೇ ವೇಗದಲ್ಲಿ 155ಕ್ಕೆ ಏರಿದರೆ ಕಾರಣ ಬಿಸಿಲಿರಬಹುದು, ನೀರು ಕಡಿಮೆ ಕುಡಿದಿರಬಹುದು, ನಿದ್ರೆ ಕೆಟ್ಟಿರಬಹುದು, ಜ್ವರದ ಆರಂಭವಿರಬಹುದು, ನಾಳೆಯ ಪರೀಕ್ಷೆಯ ಭಯವೂ ಇರಬಹುದು. ಯಂತ್ರ ಅಂಕಿ ಕೊಡುತ್ತದೆ. ಕಾರಣವನ್ನು ನೀವು ಮತ್ತು ನಿಮ್ಮ ತರಬೇತುದಾರರು ಹುಡುಕಬೇಕು.

ಬೆರಳಿನಿಂದ ಯಂತ್ರದವರೆಗೆ

ಇಬ್ನು ಸೀನಾರಿಗೆ ಎಲ್ಲವೂ ತಿಳಿದಿತ್ತು ಎಂದು ಹೇಳುವುದು ಅಭಿಮಾನವಾದೀತು, ಸತ್ಯವಾಗದು. ರಕ್ತ ದೇಹದಲ್ಲಿ ಸುತ್ತುತ್ತದೆ ಎಂಬುದು ಅವರಿಗೆ ತಿಳಿದಿರಲಿಲ್ಲ. ನಾಡಿಯ ಕೆಲಸ ಒಳಗಿನ ಚೈತನ್ಯವನ್ನು ತಂಪಾಗಿಸುವುದು ಎಂಬ ಗ್ರೀಕರ ನಂಬಿಕೆಯನ್ನೇ ಅವರು ಒಪ್ಪಿದ್ದರು. ಅದನ್ನು ತಿದ್ದಲು ಮೊದಲು ಮುಂದಾದವರೂ ಮುಸ್ಲಿಮ್ ವೈದ್ಯರೇ. ದಮಾಸ್ಕಸಿನಲ್ಲಿ ಕಲಿತು ಕೈರೋದಲ್ಲಿ ನೆಲೆಸಿದ್ದ, 1288ರಲ್ಲಿ ನಿಧನರಾದ ಇಬ್ನು ನಫೀಸ್, ಕಾನೂನ್ ಗ್ರಂಥಕ್ಕೆ ವ್ಯಾಖ್ಯಾನ ಬರೆಯುತ್ತಲೇ ಅದರ ತಪ್ಪನ್ನು ತೋರಿಸಿದರು. ಹೃದಯದ ಬಲಭಾಗದ ರಕ್ತ ನೇರವಾಗಿ ಎಡಕ್ಕೆ ಹೋಗುವುದಿಲ್ಲ, ಶ್ವಾಸಕೋಶಗಳ ಮೂಲಕ ಹಾದು ಹೋಗುತ್ತದೆ ಎಂದರು. ಇಡೀ ದೇಹದ ರಕ್ತಪರಿಚಲನೆಯನ್ನು ವಿಲಿಯಂ ಹಾರ್ವೆ ವಿವರಿಸಿದ್ದು 1628ರಲ್ಲಿ. ತತ್ವಶಾಸ್ತ್ರದಲ್ಲಿ ಇಬ್ನು ಸೀನಾರ ಕೆಲವು ನಿಲುವುಗಳನ್ನು ಇಮಾಮ್ ಗಝಾಲಿಯವರು ಕಟುವಾಗಿ ಖಂಡಿಸಿದ್ದೂ ನಿಮಗೆ ತಿಳಿದಿರಲಿ. ಗುರುವನ್ನು ಗೌರವಿಸುತ್ತಲೇ ಪರೀಕ್ಷಿಸುವುದು ನಮ್ಮ ವಿದ್ಯಾ ಪರಂಪರೆಯ ಸತ್ವ.

ಸೆಕೆಂಡಿನ ಮುಳ್ಳಿಲ್ಲದ ಕಾಲದಲ್ಲಿ ನಾಡಿಯನ್ನು ಎಣಿಸುವ ಬದಲು ಬೆರಳಿನಿಂದ ಅಂದಾಜಿಸಬೇಕಾಗಿತ್ತು. ಇಟಲಿಯ ಸಾಂತೋರಿಯೊ ಎಂಬ ವೈದ್ಯ 17ನೇ ಶತಮಾನದ ಆರಂಭದಲ್ಲಿ ದಾರಕ್ಕೆ ಕಟ್ಟಿದ ಲೋಲಕದ ತೂಗಾಟವನ್ನು ನಾಡಿಗೆ ಹೊಂದಿಸಿ ಅಳೆಯುವ ಉಪಕರಣ ಮಾಡಿದ. ಅದರ ಚಿತ್ರವನ್ನು ಆತ ಪ್ರಕಟಿಸಿದ ಒಂದು ಪುಸ್ತಕ ಯಾವುದು? 1625ರಲ್ಲಿ ಅಚ್ಚಾದ, ಇಬ್ನು ಸೀನಾರ ಕಾನೂನ್ ಗ್ರಂಥದ ವ್ಯಾಖ್ಯಾನ! 1707ರಲ್ಲಿ ಇಂಗ್ಲೆಂಡಿನ ಜಾನ್ ಫ್ಲಾಯರ್ ನಾಡಿ ಎಣಿಸಲೆಂದೇ ಒಂದು ನಿಮಿಷದ ಗಡಿಯಾರವನ್ನು ಬಳಕೆಗೆ ತಂದ.

ಹೃದಯ ಪ್ರತಿ ಬಡಿತದಲ್ಲೂ ಅತಿ ಸಣ್ಣ ವಿದ್ಯುತ್ತನ್ನು ಹೊಮ್ಮಿಸುತ್ತದೆ. 20ನೇ ಶತಮಾನದ ಆರಂಭದಲ್ಲಿ ಹಾಲೆಂಡಿನ ವಿಲ್ಲೆಮ್ ಐಂಥೋವೆನ್ ಅದನ್ನು ಸ್ಪಷ್ಟವಾಗಿ ದಾಖಲಿಸುವ ಯಂತ್ರ ಮಾಡಿದರು. ಅವರ ಜನ್ಮಸ್ಥಳ ಜಾವಾ ದ್ವೀಪದ ಸೆಮರಾಂಗ್. ಆ ಯಂತ್ರದ ತೂಕ ಸುಮಾರು 270 ಕಿಲೋ. ರೋಗಿ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಅದ್ದಿ ಕೂರಬೇಕಿತ್ತು. ಇಂದಿನ ಇ.ಸಿ.ಜಿ.ಗೆ ಅದೇ ಮೂಲ. 1924ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು. 1940ರ ದಶಕದಲ್ಲಿ ಅಮೆರಿಕದ ನಾರ್ಮನ್ ಹೋಲ್ಟರ್ ಅದನ್ನು ಬೆನ್ನಿಗೆ ಹೊರುವಷ್ಟಕ್ಕೆ ಇಳಿಸಿದರು. ಆದರೂ ತೂಕ ಸುಮಾರು 38 ಕಿಲೋ! 1980ರ ದಶಕದ ಆರಂಭದಲ್ಲಿ ಫಿನ್ಲೆಂಡಿನ ಪೋಲಾರ್ ಸಂಸ್ಥೆ ಎದೆಪಟ್ಟಿಯಿಂದ ಕೈಗಡಿಯಾರಕ್ಕೆ ತಂತಿಯಿಲ್ಲದೆ ಬಡಿತ ತಲುಪಿಸುವ ಸಾಧನವನ್ನು ಮಾರುಕಟ್ಟೆಗೆ ತಂದಿತು. ಕ್ರೀಡಾಪಟುಗಳು ಓಡುತ್ತಲೇ ತಮ್ಮ ಹೃದಯವನ್ನು ನೋಡಲಾರಂಭಿಸಿದ್ದು ಅಂದಿನಿಂದ.

ಎದೆಪಟ್ಟಿ ಅಳೆಯುವುದು ಹೃದಯದ ವಿದ್ಯುತ್ತನ್ನು. ಮಣಿಕಟ್ಟಿನ ವಾಚ್ ಅಳೆಯುವುದು ಬೆಳಕನ್ನು. ರಕ್ತ ಹಸಿರು ಬೆಳಕನ್ನು ಹೀರಿಕೊಳ್ಳುತ್ತದೆ. ಪ್ರತಿ ಬಡಿತದೊಂದಿಗೆ ಚರ್ಮದಡಿಯ ರಕ್ತ ಹೆಚ್ಚು ಕಡಿಮೆಯಾದಂತೆ ಮರಳಿ ಬರುವ ಬೆಳಕೂ ಹೆಚ್ಚು ಕಡಿಮೆಯಾಗುತ್ತದೆ. ಪಟ್ಟಿ ಸಡಿಲವಿದ್ದರೆ, ಕೈ ಜೋರಾಗಿ ಬೀಸಿದರೆ ಅಥವಾ ಭಾರ ಎತ್ತುವಾಗ ಮಣಿಕಟ್ಟು ಮಡಿಸಿದರೆ ವಾಚ್ ತಪ್ಪು ಹೇಳಬಹುದು. ವೇಗದ ಅಭ್ಯಾಸಕ್ಕೆ ಎದೆಪಟ್ಟಿಯೇ ಹೆಚ್ಚು ನಂಬಿಕೆಗೆ ಅರ್ಹ.

ನೀವು ಬಳಸುವುದು ಹೇಗೆ?

ನಮ್ಮಲ್ಲಿ ಹಲವರು ಶುರುವಿನ ಉತ್ಸಾಹದಲ್ಲಿ ದಿನವೂ ಓಡುವಷ್ಟು ಜೋರಾಗಿ ಓಡುತ್ತಾರೆ. ಮೂರನೇ ವಾರ ಮೊಣಕಾಲು ಹಿಡಿದು ಮನೆಯಲ್ಲಿ ಕೂರುತ್ತಾರೆ. ಹೃದಯಬಡಿತದ ಲೆಕ್ಕ ಮುಖ್ಯವಾಗಿ ನೆರವಾಗುವುದು ನಿಧಾನವಾಗಿ ಓಡಬೇಕಾದ ದಿನ ನಿಧಾನವಾಗಿ ಓಡುವುದಕ್ಕೆ. 220ರಿಂದ ವಯಸ್ಸನ್ನು ಕಳೆದರೆ ಗರಿಷ್ಠ ಬಡಿತದ ಅಂದಾಜು ಸಿಗುತ್ತದೆ. ಹದಿನೆಂಟರ ವಿದ್ಯಾರ್ಥಿಗೆ ಅದು 202. ಅದರ ಶೇಕಡಾ 60ರಿಂದ 70, ಅಂದರೆ ಸುಮಾರು 121ರಿಂದ 141, ಸಲೀಸಾದ ಓಟದ ವಲಯ. ನಲವತ್ತು ದಾಟಿದ ಸದಸ್ಯರೊಬ್ಬರಿಗೆ ಅದು 108ರಿಂದ 126ರ ಆಸುಪಾಸು. ಇದು ಅಂದಾಜು ಮಾತ್ರ. ವ್ಯಕ್ತಿಯಿಂದ ವ್ಯಕ್ತಿಗೆ ಹತ್ತು ಹನ್ನೆರಡು ಬಡಿತಗಳ ವ್ಯತ್ಯಾಸ ಸಾಮಾನ್ಯ. ಓಡುತ್ತಾ ಪಕ್ಕದವರೊಂದಿಗೆ ಪೂರ್ಣ ವಾಕ್ಯದಲ್ಲಿ ಮಾತಾಡಲು ಸಾಧ್ಯವೇ ಎಂದು ನೋಡಿ. ಸಾಧ್ಯವಾದರೆ ವೇಗ ಸಲೀಸಾಗಿದೆ ಎಂದರ್ಥ.

ವಾಚ್ ಕೊಳ್ಳಲು ಹಣವಿಲ್ಲ ಎಂದು ಕೊರಗಬೇಡಿ. ಗೋಡೆ ಗಡಿಯಾರ ನೋಡುತ್ತಾ 15 ಸೆಕೆಂಡು ನಾಡಿ ಎಣಿಸಿ ನಾಲ್ಕರಿಂದ ಗುಣಿಸಿ. ಎರಡು ವಾರ ಬೆಳಿಗ್ಗೆ ಎದ್ದ ಕೂಡಲೇ ಹೀಗೆ ಎಣಿಸಿ ನೋಟ್ ಪುಸ್ತಕದಲ್ಲಿ ಬರೆದಿಡಿ. ನಿಮ್ಮ ಸಹಜ ಬಡಿತ ತಿಳಿಯುತ್ತದೆ. ಒಂದು ದಿನ ಅದು ಏಳೆಂಟು ಹೆಚ್ಚಿದ್ದರೆ, ಅದೂ ಎರಡು ಮೂರು ದಿನ ಹಾಗೆಯೇ ಮುಂದುವರಿದರೆ, ದೇಹ ವಿಶ್ರಾಂತಿ ಕೇಳುತ್ತಿದೆ ಎಂದು ತಿಳಿಯಿರಿ. ರಮಝಾನಿನ ಉಪವಾಸದ ಸಮಯದಲ್ಲಿ ದೇಹದಲ್ಲಿ ನೀರು ಕಡಿಮೆಯಾದಾಗ ಅದೇ ಓಟಕ್ಕೆ ಬಡಿತ ಹೆಚ್ಚುತ್ತದೆ. ಆ ತಿಂಗಳು ಕಠಿಣ ಅಭ್ಯಾಸವನ್ನು ಇಫ್ತಾರಿನ ನಂತರಕ್ಕೆ ಇಡುವುದು ಲೇಸು.

2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ಅಗಲಿದಾಗ ಇಡೀ ಕರ್ನಾಟಕ ಕಣ್ಣೀರಿಟ್ಟಿತು. ರಾಜಾಜಿನಗರಕ್ಕೆ ದೂರವಲ್ಲದ ಕಂಠೀರವ ಸ್ಟುಡಿಯೋದಲ್ಲಿ ಅವರ ಸಮಾಧಿಯಿದೆ. ಆ ದಿನಗಳಲ್ಲಿ ಹೃದಯ ತಪಾಸಣೆಗೆ ಆಸ್ಪತ್ರೆಗಳ ಮುಂದೆ ಯುವಕರ ಸಾಲು ಬೆಳೆಯಿತು. ಕೆಲವರು ವ್ಯಾಯಾಮಕ್ಕೇ ಹೆದರಿದರು. ಹೆದರಬೇಕಾಗಿಲ್ಲ, ಎಚ್ಚರವಿರಬೇಕು. ಓಡುವಾಗ ಎದೆನೋವು, ತಲೆಸುತ್ತು, ಕಣ್ಣು ಕತ್ತಲೆ ಬಂದರೆ, ಬಡಿತ ತಾಳ ತಪ್ಪಿದಂತೆ ಅನಿಸಿದರೆ, ಕುಟುಂಬದಲ್ಲಿ ಚಿಕ್ಕ ವಯಸ್ಸಿನ ಹೃದಯ ಸಂಬಂಧಿ ಸಾವು ಆಗಿದ್ದರೆ, ವಾಚ್ ಏನೇ ತೋರಿಸಲಿ, ಅಭ್ಯಾಸ ನಿಲ್ಲಿಸಿ ವೈದ್ಯರನ್ನು ಕಾಣಿ. ವಾಚ್ ವೈದ್ಯನಲ್ಲ.

ತನ್ನ ನಾಡಿಯನ್ನೇ ಕೇಳದ ದಿನಗಳು

ಇನ್ನು ಇಬ್ನು ಸೀನಾರ ಕೊನೆಯ ದಿನಗಳ ಮಾತು. ಇಸ್ಫಹಾನಿನಲ್ಲಿ ಅವರಿಗೆ ಗೌರವ, ಶಿಷ್ಯರು, ಗ್ರಂಥರಚನೆ ಎಲ್ಲವೂ ಇತ್ತು. ಆದರೆ ತಮ್ಮ ದೇಹದ ಬಲವನ್ನು ಅವರು ಲೆಕ್ಕವಿಲ್ಲದೆ ವ್ಯಯಿಸಿದರು ಎಂದು ಶಿಷ್ಯ ಜೂಝ್ಜಾನಿ ಮುಚ್ಚುಮರೆಯಿಲ್ಲದೆ ಬರೆದಿದ್ದಾರೆ. ಅಲಾಉದ್ದೌಲನ ದಂಡಯಾತ್ರೆಯೊಂದರಲ್ಲಿ ಜೊತೆಗಿದ್ದಾಗ ಅವರಿಗೆ ತೀವ್ರ ಉದರಶೂಲೆ ಬಂತು. ಸೈನ್ಯ ಹಿಂದೆ ಸರಿಯಬೇಕಾದರೆ ಕಾಯಿಲೆಯಿಂದ ತಾವು ಹಿಂದುಳಿಯಬೇಕಾದೀತು ಎಂಬ ಆತಂಕ. ಬೇಗನೆ ಗುಣವಾಗಬೇಕೆಂದು ಒಂದೇ ದಿನದಲ್ಲಿ ಎಂಟು ಸಲ ಬಸ್ತಿ ಚಿಕಿತ್ಸೆ ಮಾಡಿಕೊಂಡರು. ಕರುಳಿನಲ್ಲಿ ಹುಣ್ಣಾಯಿತು. ಇಸ್ಫಹಾನಿಗೆ ತಂದಾಗ ನಿಲ್ಲಲೂ ತ್ರಾಣವಿರಲಿಲ್ಲ.

ತಮಗೆ ತಾವೇ ಚಿಕಿತ್ಸೆ ಮಾಡಿಕೊಂಡು ನಡೆಯುವಷ್ಟು ಚೇತರಿಸಿದರು. ಆದರೆ ಪೂರ್ಣ ಗುಣವಾಗುವ ಮೊದಲೇ ಆಸ್ಥಾನಕ್ಕೆ ಹೋದರು, ಪಥ್ಯ ಪಾಲಿಸಲಿಲ್ಲ. ಕಾಯಿಲೆ ಮರುಕಳಿಸಿತು, ಇಳಿಯಿತು, ಮತ್ತೆ ಬಂತು. ಅದೇ ಸ್ಥಿತಿಯಲ್ಲಿ ದೊರೆಯೊಂದಿಗೆ ಹಮದಾನಿಗೆ ಹೊರಟರು. ದಾರಿಯಲ್ಲಿ ನೋವು ಉಲ್ಬಣಿಸಿತು. ಹಮದಾನ್ ತಲುಪಿದಾಗ ದೇಹದಲ್ಲಿ ರೋಗವನ್ನು ಎದುರಿಸುವ ಶಕ್ತಿ ಉಳಿದಿಲ್ಲ ಎಂಬುದು ಅವರಿಗೆ ಸ್ಪಷ್ಟವಾಯಿತು. ಇನ್ನು ಮದ್ದಿನಿಂದ ಪ್ರಯೋಜನವಿಲ್ಲ ಎಂದು ಚಿಕಿತ್ಸೆ ನಿಲ್ಲಿಸಿದರು. ಆ ಕೊನೆಯ ದಿನಗಳಲ್ಲಿ ಅವರು ಪಶ್ಚಾತ್ತಾಪಪಟ್ಟು, ತಮ್ಮಲ್ಲಿದ್ದುದನ್ನು ಬಡವರಿಗೆ ಹಂಚಿ, ಗುಲಾಮರನ್ನು ಬಿಡುಗಡೆ ಮಾಡಿ, ಮೂರು ದಿನಕ್ಕೊಮ್ಮೆ ಕುರ್‌ಆನ್ ಪಾರಾಯಣ ಪೂರ್ಣಗೊಳಿಸುತ್ತಿದ್ದರೆಂದು ಚರಿತ್ರೆಕಾರರು ಹೇಳುತ್ತಾರೆ. ಹಿಜರಿ 428ರ ರಮಝಾನ್ ತಿಂಗಳಲ್ಲಿ, ಅಂದರೆ 1037ರಲ್ಲಿ, 57ನೇ ವಯಸ್ಸಿನಲ್ಲಿ ಅವರು ಇಹಲೋಕ ತ್ಯಜಿಸಿದರು. ಇಂದಿನ ಇರಾನಿನ ಹಮದಾನಿನಲ್ಲಿ ಅವರ ಸಮಾಧಿ ಇದೆ.

ನಾಡಿಯ ಹತ್ತು ಲಕ್ಷಣ ಬರೆದವರು, ವ್ಯಾಯಾಮ ಎಲ್ಲಿ ನಿಲ್ಲಬೇಕೆಂದು ಕಲಿಸಿದವರು, ದಣಿವಿನ ಬಗೆಗಳನ್ನು ಹೆಸರಿಟ್ಟು ಕರೆದವರು. ಅವರೇ ತಮ್ಮ ದಣಿದ ದೇಹಕ್ಕೆ ವಿಶ್ರಾಂತಿ ಕೊಡಲಿಲ್ಲ. ಅವರಿಗೆ ತಿಳುವಳಿಕೆಯ ಕೊರತೆ ಇರಲಿಲ್ಲ. ತಿಳಿದದ್ದನ್ನು ಪಾಲಿಸಲು ತಾಳ್ಮೆ ಸಾಲದಾಯಿತು. ಗಾಯ ಮಾಯುವ ಮುನ್ನ ಮೈದಾನಕ್ಕಿಳಿಯುವ ಆಟಗಾರನೂ, ಜ್ವರದಲ್ಲಿ ಪಂದ್ಯ ಆಡುವ ವಿದ್ಯಾರ್ಥಿಯೂ ಇದೇ ದಾರಿಯಲ್ಲಿರುತ್ತಾರೆ. ಕೈಯಲ್ಲಿ ಎಷ್ಟು ಬೆಲೆಯ ವಾಚ್ ಇದ್ದರೇನು, ಅದು ನಿಲ್ಲು ಎಂದಾಗ ನಿಲ್ಲದಿದ್ದರೆ?

ದೇಹ ನಮ್ಮ ಸ್ವಂತ ಆಸ್ತಿಯಲ್ಲ, ಅದು ಅಲ್ಲಾಹನು ನಮಗೆ ಒಪ್ಪಿಸಿದ ಅಮಾನತ್ತು. ದೇಹಕ್ಕೂ ನಮ್ಮ ಮೇಲೆ ಹಕ್ಕಿದೆ ಎಂಬುದು ಪ್ರವಾದಿ(ಸ)ಯವರು ಕಲಿಸಿದ ಪಾಠ. ಆದ್ದರಿಂದ ವಿದ್ಯಾರ್ಥಿ ಮಿತ್ರರೇ, ಓಡಿರಿ, ಆಡಿರಿ, ಬಲಶಾಲಿಗಳಾಗಿರಿ. ನಾಳೆ ಬೆಳಿಗ್ಗೆ ಹಾಸಿಗೆ ಬಿಡುವ ಮೊದಲು ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಎಣಿಸಿ. ಎಣಿಸಿದ್ದನ್ನು ಬರೆದಿಡಿ. ಬರೆದದ್ದು ವಿಶ್ರಾಂತಿ ಕೇಳಿದರೆ ಆ ದಿನ ವಿಶ್ರಮಿಸಿ. ತಿಳಿದದ್ದನ್ನು ಪಾಲಿಸುವ ಸೌಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಕರುಣಿಸಲಿ. ಆಮೀನ್.